ಜಿಐ ಶೀಟು ಕತ್ತರಿಸಿದ ರಾತ್ರಿ ಚಳಿಜ್ವರ

ಪ್ರಶ್ನೆ: ನನ್ನ ತಮ್ಮನಿಗೆ 28 ವರ್ಷ. ಪೀಣ್ಯದ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಪ್ಲಾಸ್ಮಾ ಕಟರ್ ಹಿಡಿಯುತ್ತಾನೆ. ಜಿಐ ಶೀಟು ಕತ್ತರಿಸಿದ ದಿನ ರಾತ್ರಿ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಮಾರನೇ ದಿನಕ್ಕೆ ಸರಿಹೋಗುತ್ತದೆ. ರಜೆ ಮುಗಿಸಿ ಹೋದ ದಿನವೇ ಜಾಸ್ತಿ. ಮಲೇರಿಯಾ, ಡೆಂಗಿ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ. ಬೆಲ್ಲ ತಿಂದು ಹಾಲು ಕುಡಿದರೆ ಸಾಕು ಅಂತಾರೆ ಜೊತೆಯವರು. ನಿಜವೇ?

ಉತ್ತರ: ಈ ಲಕ್ಷಣಗಳೆಲ್ಲ ಸತುವಿನ ಹೊಗೆಯತ್ತ ಬೆರಳು ತೋರಿಸುತ್ತಿವೆ. ಜಿಐ ಶೀಟಿನ ಮೇಲಿರುವುದು ಸತುವಿನ ಲೇಪ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು, ಸತುವೋ 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಕಟಿಂಗ್ ಜಾಗದಿಂದ ಏಳುವ ಬಿಳಿ ಹೊಗೆ ಅದೇ. ಆ ಕಣಗಳು ಶ್ವಾಸಕೋಶದ ಆಳಕ್ಕಿಳಿದರೆ 4ರಿಂದ 10 ಗಂಟೆಯ ನಂತರ ಜ್ವರ ಬಂದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ವೈದ್ಯರು ಇದನ್ನು ಮೆಟಲ್ ಫ್ಯೂಮ್ ಫೀವರ್ ಎನ್ನುತ್ತಾರೆ. ದಿನಾ ಹೊಗೆಯಲ್ಲಿದ್ದರೆ ದೇಹ ಸ್ವಲ್ಪ ಒಗ್ಗಿಕೊಳ್ಳುತ್ತದೆ, ರಜೆಯಲ್ಲಿ ಆ ಒಗ್ಗಿಕೆ ಹೋಗಿಬಿಡುತ್ತದೆ. ಅದಕ್ಕೇ ಸೋಮವಾರ ಕಾಟ ಜಾಸ್ತಿ.

ಬೆಲ್ಲ, ಹಾಲು ಹೋಗುವುದು ಹೊಟ್ಟೆಗೆ. ಅವು ಹೊಗೆಯನ್ನು ತಡೆಯುವುದಿಲ್ಲ.

ಜ್ವರಕ್ಕೆ ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಸಾಕು. ಆದರೆ ಉಸಿರು ಕಟ್ಟಿದರೆ, ಎದೆ ಬಿಗಿದರೆ, ಎರಡು ದಿನ ಕಳೆದರೂ ಜ್ವರ ಬಿಡದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಯಾವ ಲೋಹ ಕತ್ತರಿಸಿದ್ದು ಎಂದು ಬಾಯಿಬಿಟ್ಟು ಹೇಳಬೇಕು. ಕ್ಯಾಡ್ಮಿಯಂ ಲೇಪದ ಹೊಗೆಯೂ ಶುರುವಿನಲ್ಲಿ ಇದೇ ಜ್ವರದ ವೇಷದಲ್ಲಿ ಬಂದು, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಸಿ ಜೀವಕ್ಕೇ ಎರವಾಗಬಹುದು. ಸ್ಟೇನ್‌ಲೆಸ್ ಸ್ಟೀಲ್ ಕತ್ತರಿಸುವಾಗ ಏಳುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ.

ಮದ್ದಿಗಿಂತ ಶೆಡ್ಡಿನ ವ್ಯವಸ್ಥೆ ಮುಖ್ಯ. ಸೀಲಿಂಗ್ ಫ್ಯಾನು ಹೊಗೆಯನ್ನು ಅಲ್ಲಲ್ಲೇ ಸುತ್ತಾಡಿಸುತ್ತದೆ, ಅಷ್ಟೆ. ಹೊಗೆ ಎಳೆಯುವ ಪೈಪಿನ ಬಾಯಿ ಕಟಿಂಗ್ ಜಾಗದ ಪಕ್ಕದಲ್ಲೇ ಇದ್ದು, ಮುಖಕ್ಕೆ ತಲುಪುವ ಮೊದಲೇ ಹೊಗೆಯನ್ನು ಹೊರಹಾಕಬೇಕು. ಕರ್ಚೀಫ್ ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಮೇಲಿನ ರೆಸ್ಪಿರೇಟರ್ ಬೇಕು, ದಟ್ಟ ಗಡ್ಡವಿದ್ದರೆ ಅದೂ ಕೂರುವುದಿಲ್ಲ. ಕ್ಲೋರಿನ್ ಇರುವ ಡಿಗ್ರೀಸರ್‌ನಿಂದ ಒರೆಸಿದ ಶೀಟನ್ನಂತೂ ಮುಟ್ಟಲೇಬಾರದು. ಆರ್ಕ್‌ನ ಶಾಖಕ್ಕೂ ನೇರಳಾತೀತ ಕಿರಣಕ್ಕೂ ಆ ಡಿಗ್ರೀಸರ್‌ನ ಆವಿ ಫಾಸ್ಜೀನ್ ಎಂಬ ವಿಷಾನಿಲವಾಗಬಲ್ಲದು.

ಕಣ್ಣಿಗೆ 40ರಿಂದ 60 ಆಂಪಿಯರ್ ಕಟಿಂಗ್‌ನಲ್ಲಿ ಕನಿಷ್ಠ 6ನೇ ಶೇಡ್, ಅದಕ್ಕಿಂತ ಮೇಲೆ 8ನೇ ಶೇಡ್ ಗ್ಲಾಸು ಬೇಕು. ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿದರೆ ಮರಗಟ್ಟಿಸುವ ಡ್ರಾಪ್ಸ್ ತಂದು ಹಾಕಿಕೊಳ್ಳುತ್ತಾ ಹೋಗಬಾರದು, ಕಾರ್ನಿಯಾ ಹಾಳಾಗುತ್ತದೆ.

ಇನ್ನು ಕರೆಂಟು. ಆರ್ಕ್ ಹೊತ್ತುವ ಮುಂಚೆ ಟಾರ್ಚಿನಲ್ಲಿ 200 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ. ಬೆವರಲ್ಲಿ ತೊಯ್ದ ಗ್ಲೌಸ್ ಹಾಕಿಕೊಂಡು ಕೆಲಸ ಬೇಡ. ನಾಝಲ್ ಬದಲಿಸುವಾಗ ಟ್ರಿಗರ್ ಬಿಟ್ಟರಷ್ಟೇ ಸಾಲದು, ಮೆಷಿನ್ ಆಫ್ ಮಾಡಿ ಪ್ಲಗ್ ಕಿತ್ತಿರಬೇಕು. ಕಂಪ್ರೆಸರ್ ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದು ದಿನಾ ನೀರು ಬಸಿಯಬೇಕು. ಒದ್ದೆ ಗಾಳಿಗೆ ನಾಝಲ್, ಎಲೆಕ್ಟ್ರೋಡ್ ಬೇಗ ಸವೆದು ಆರ್ಕ್ ಅಡ್ಡಾದಿಡ್ಡಿಯಾಗುತ್ತದೆ, ಕಿಡಿ ಹೆಚ್ಚುತ್ತದೆ. ಎಲೆಕ್ಟ್ರೋಡ್ ತುದಿಯ ನಡುವಿನ ಹಾಫ್ನಿಯಂ ಚುಕ್ಕೆಯಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಗುಂಡಿ ಬಿದ್ದಿದ್ದರೆ ಹೊಸದು ಹಾಕುವ ಹೊತ್ತು.

ತಮ್ಮನನ್ನು ಒಮ್ಮೆ ಎದೆರೋಗ ತಜ್ಞರಲ್ಲಿಗೆ ಕರೆದೊಯ್ದು ಸ್ಪೈರೋಮೆಟ್ರಿ (ಊದಿಸಿ ನೋಡುವ ಶ್ವಾಸಕೋಶ ಪರೀಕ್ಷೆ) ಮಾಡಿಸಿ. ಇಎಸ್‌ಐ ಕಾರ್ಡ್ ಇದ್ದರೆ ಇಎಸ್‌ಐ ಆಸ್ಪತ್ರೆಯಲ್ಲೇ ಶುರು ಮಾಡಬಹುದು.