ಗಿಣ್ಣು, ಕರು ಮತ್ತು ಕೂಸಿನ ಸಕ್ಕರೆ



ಸ್ಕೋಕಿಯ ಸುತ್ತಮುತ್ತ ನಮ್ಮವರಿಗೆ ಹೆರಿಗೆಯಾದಾಗ, ಬಾಣಂತನಕ್ಕೆಂದು ಊರಿಂದ ಬಂದ ಅಜ್ಜಿಯರು ಗಾಬರಿಯಾಗುವ ಸಂಗತಿಯೊಂದಿದೆ. ಹುಟ್ಟಿ ಎರಡು ಗಂಟೆಯೂ ಆಗಿರದ ಕೆಲವು ಕೂಸುಗಳ ಹಿಮ್ಮಡಿ ಚುಚ್ಚಿ ನರ್ಸ್ ಸಕ್ಕರೆ ಅಳೆಯುತ್ತಾರೆ. "ಹಸುಗೂಸಿಗೂ ಶುಗರ್ರೇ?" ಎಂಬುದು ಅಜ್ಜಿಯರ ಪ್ರಶ್ನೆ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಕೆಲಸದವನು. ಓದಿ ತಿಳಿದದ್ದನ್ನು ಹಂಚಿಕೊಳ್ಳುತ್ತಿದ್ದೇನೆ.

ಅಳೆಯುವುದು ಸಕ್ಕರೆ ಹೆಚ್ಚಿದೆಯೇ ಎಂದಲ್ಲ, ಕುಸಿದಿದೆಯೇ ಎಂದು. ಗರ್ಭದಲ್ಲಿ ಗ್ಲೂಕೋಸು ಹೊಕ್ಕುಳಬಳ್ಳಿಯ ಮೂಲಕ ಹಗಲಿರುಳೂ ಬರುತ್ತದೆ. ಬಳ್ಳಿ ಕತ್ತರಿಸಿದೊಡನೆ ಆ ಲೈನ್ ಕಟ್! ಕರೆಂಟು ಹೋದಾಗ ಯು.ಪಿ.ಎಸ್. ಇದ್ದಂತೆ, ಆಗ ನೆರವಿಗೆ ಬರುವುದು ಪಿತ್ತಜನಕಾಂಗದಲ್ಲಿ ಕೊನೆಯ ತಿಂಗಳುಗಳಲ್ಲಿ ಶೇಖರವಾದ ಗ್ಲೈಕೋಜನ್. ಇನ್ಸುಲಿನ್ ಇಳಿದು ಗ್ಲುಕಗಾನ್, ಅಡ್ರಿನಲಿನ್ ಏರಿ ಅದನ್ನು ಕರಗಿಸುತ್ತವೆ. ಆದರೆ ಈ ಬ್ಯಾಟರಿ ಕೆಲವೇ ಗಂಟೆಗಳದು. ಅಷ್ಟರಲ್ಲಿ ಪಿತ್ತಜನಕಾಂಗ ತಾನೇ ಸಕ್ಕರೆ ತಯಾರಿಸಲು ಶುರುಮಾಡಬೇಕು. ಇಲಿಮರಿಗಳಲ್ಲಿ ಇದಕ್ಕೆ ಬೇಕಾದ ಮುಖ್ಯ ಕಿಣ್ವ ಹುಟ್ಟುವ ಮುನ್ನ ಇಲ್ಲವೆನ್ನುವಷ್ಟು ಕಡಿಮೆ; ಹುಟ್ಟಿದ ಕೆಲವೇ ಗಂಟೆಗಳಲ್ಲಿ ಹಾಜರು.

ಕರುವಿನದು ಇನ್ನೂ ಸ್ವಾರಸ್ಯ. ಗಿಣ್ಣುಹಾಲಿನಲ್ಲಿ ಮಾಮೂಲಿ ಹಾಲಿಗಿಂತ ಲ್ಯಾಕ್ಟೋಸ್ ಕಡಿಮೆ, ಕೊಬ್ಬು ಮತ್ತು ಪ್ರೋಟೀನು ಜಾಸ್ತಿ. ಅಂದರೆ ಸಾಮಗ್ರಿ ತಾಯಿಯದು, ಸಕ್ಕರೆ ಮಾಡುವ ಕೆಲಸ ಬಹುಪಾಲು ಕರುವಿನದೇ. ಹಂದಿಮರಿಯ ಮೈಯಲ್ಲಿ ಕೊಬ್ಬೇ ತೀರ ಕಡಿಮೆ. ಚಳಿಯಲ್ಲಿ ಮೊಲೆ ಸಿಗದಿದ್ದರೆ ಸಕ್ಕರೆ ಕುಸಿದು ಸತ್ತೇ ಹೋಗುತ್ತದೆ. ಮನುಷ್ಯರ ಕೂಸು ಕೊಬ್ಬು ತುಂಬಿಕೊಂಡೇ ಹುಟ್ಟುವುದರಿಂದ, ಸಕ್ಕರೆ ಮೊದಲ ಗಂಟೆಗಳಲ್ಲಿ ಇಳಿದರೂ ಸಾಮಾನ್ಯವಾಗಿ ತಾನೇ ಏರುತ್ತದೆ.

ಚುಚ್ಚುವುದು ಅವಧಿಗೆ ಮುಂಚೆ ಹುಟ್ಟಿದ, ತೀರ ಸಣ್ಣ ಅಥವಾ ತೀರ ದೊಡ್ಡ ಕೂಸುಗಳಿಗೆ, ಮತ್ತು ತಾಯಿಗೆ ಮಧುಮೇಹವಿದ್ದಾಗ. ತಾಯಿಯ ಸಕ್ಕರೆ ಹೆಚ್ಚಿದ್ದರೆ ಕೂಸು ಗರ್ಭದಲ್ಲೇ ಹೆಚ್ಚು ಇನ್ಸುಲಿನ್ ಮಾಡುತ್ತದೆ. ಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ನಿಂತರೂ ಇನ್ಸುಲಿನ್ ಕೂಡಲೇ ನಿಲ್ಲದು. ಇದು ನಮ್ಮವರಿಗೆ ಹತ್ತಿರದ ವಿಷಯ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ನಮ್ಮ ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಡಾ. ಬಾಯ್ಡ್ ಮೆಟ್ಜರ್ ಮುಂದಾಳತ್ವದಲ್ಲಿ 9 ದೇಶಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ, ಮಧುಮೇಹವೆನ್ನಿಸದ ಮಟ್ಟದಲ್ಲೂ ತಾಯಿಯ ಸಕ್ಕರೆ ಏರಿದಂತೆ ಕೂಸಿನ ತೂಕ, ಇನ್ಸುಲಿನ್ ಎರಡೂ ಏರುತ್ತವೆಂದು ತೋರಿಸಿತು.

ಕುಸಿದರೆ ಮೊದಲು ಎದೆಹಾಲು. ಸಾಲದಿದ್ದರೆ ಕೆನ್ನೆಯ ಒಳಗೆ ಸಕ್ಕರೆಯ ಜೆಲ್ ತಿಕ್ಕುತ್ತಾರೆ. 2013ರ ನ್ಯೂಜಿಲೆಂಡಿನ ಪ್ರಯೋಗದ ನಂತರ ಬಳಕೆಗೆ ಬಂದ ಸುಲಭ ಉಪಾಯ ಇದು. ಮನೆಗೆ ಬಂದ ಮೇಲೆ ಕೂಸು ಮಂಕಾಗಿ, ಹಾಲು ಕುಡಿಯದೆ ನಡುಗುತ್ತಿದ್ದರೆ ಕಾಯದೆ ಡಾಕ್ಟರಿಗೆ ತಿಳಿಸಿ. ಹಸುವಿನ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಚಪ್ಪರಿಸುವ ನಾವು ತಾಯಿಯ ಗಿಣ್ಣನ್ನು ಮಾತ್ರ ಹಿಂಡಿ ಚೆಲ್ಲಿಸುವುದುಂಟು; ಅಜ್ಜಿಯರಿಗೆ ನಯವಾಗಿ ಹೇಳಿ, ಅದು ಕೂಸಿನ ಪಾಲು. ಜೇನು ನೆಕ್ಕಿಸುವುದು ಬೇಡ. ಬಾಟುಲಿಸಂ ಭಯದಿಂದ ವರ್ಷ ತುಂಬುವವರೆಗೆ ಕೊಡಬಾರದು ಎನ್ನುತ್ತಾರೆ ವೈದ್ಯರು.