ಸಂಜೆ ಆರರ ಚಟಕ್ಕೆ ಕೆಲವು ಸೂತ್ರ

ಕುಡಿತ ಬಿಡಬೇಕೆಂದವರು ನಮ್ಮ ಕಡೆ ಮೊದಲು ಮಾಡುವುದು ಆಣೆ. ದೇವರ ಮೇಲೆ, ಇಲ್ಲವೇ ಮಕ್ಕಳ ತಲೆ ಮುಟ್ಟಿ. ದೇವಲಾಪುರ ಹೋಬಳಿಯಿರಲಿ, ನಾಗಮಂಗಲ ಪೇಟೆಯಿರಲಿ, ಬೆಳಿಗ್ಗೆ ಹಾಕಿದ ಆಣೆಗೆ ಸಂಜೆ ಆರರ ಹೊತ್ತಿಗೆ ಬಲ ಉಳಿದಿರುವುದಿಲ್ಲ. ಆ ಹೊತ್ತಿಗೆ ಒದಗುವ ಉಪಾಯ ಬುದ್ಧನ ಸತಿಪಟ್ಠಾನ ಸುತ್ತದಲ್ಲಿದೆ: ಆಸೆಯನ್ನು ಒದ್ದೋಡಿಸಬೇಡ, ಅದರ ಹಿಂದೆಯೂ ಹೋಗಬೇಡ, ಬಂದಿದೆ ಎಂದು ನೋಡು.

1. ಮೊದಲು ಡಾಕ್ಟರು, ಆಮೇಲೆ ಧ್ಯಾನ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು, ಪ್ರಾಣಕ್ಕೂ ಕುತ್ತು. ಆಗ ಕಣ್ಣುಮುಚ್ಚಿ ಕೂರುವುದು ಹುಚ್ಚುತನ, ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು, ದುಡ್ಡು ಕೊಡಬೇಕಿಲ್ಲ. ಮನೆಯ ಹೆಂಗಸರಿಗೊಂದು ಮಾತು: ಗಂಡನಿಗೆ ತಿಳಿಯದಂತೆ ಸಾರಿಗೆ ಬೆರೆಸುವ ಪುಡಿ ಮಾತ್ರ ತರಬೇಡಿ. ಅದರಲ್ಲಿ ಏನಿದೆಯೆಂದು ಮಾರುವವನೇ ಹೇಳುವುದಿಲ್ಲ.

2. ಆಸೆಯನ್ನು ಮೈಯಲ್ಲಿ ಹುಡುಕಿ. ಶನಿವಾರ ಕೂಲಿ ಬಟವಾಡೆಯಾಗಿದೆ, ಜೇಬಲ್ಲಿ ನೋಟು, ಬಸ್ ಸ್ಟ್ಯಾಂಡಿನಲ್ಲಿ ಗೆಳೆಯ: ‘ಬಾರ್ಲಾ, ಒಂದು ಕಟಿಂಗ್ ಅಷ್ಟೇ.’ ಅವನು ಬಾಯಿ ಬಿಡುವ ಮೊದಲೇ ನಿಮ್ಮ ಗಂಟಲು ಒಣಗಿರುತ್ತದೆ, ದವಡೆ ಬಿಗಿದಿರುತ್ತದೆ, ಹೊಟ್ಟೆಯೊಳಗೆ ಏನೋ ಎಳೆತ. ಬೌದ್ಧರು ಇದನ್ನು ವೇದನೆ ಎಂದರು, ನೋವೆಂದಲ್ಲ, ಹಿತ-ಅಹಿತದ ಅನುಭವ ಎಂಬ ಅರ್ಥದಲ್ಲಿ. ಇದರ ಬೆನ್ನಿಗೇ ಬರುವುದು ತೃಷ್ಣೆ, ಬೇಕೇ ಬೇಕೆಂಬ ದಾಹ. ಎರಡರ ನಡುವೆ ಸಣ್ಣದೊಂದು ಸಂದು ಇದೆ. ಸಾಧನೆಯೆಲ್ಲ ಅಲ್ಲೇ. ‘ಗಂಟಲು ಒಣಗಿದೆ’ ಎಂದಷ್ಟೇ ಒಳಗೇ ಹೇಳಿಕೊಳ್ಳಿ. ‘ನಾನು ಉದ್ಧಾರ ಆಗೋನಲ್ಲ’ ಎಂಬುದನ್ನು ಅದಕ್ಕೆ ಸೇರಿಸಬೇಡಿ. ಆ ಮಾತೇ ಎಷ್ಟೋ ಜನರನ್ನು ಬಾರಿಗೆ ಕಳಿಸಿದೆ.

3. ಆಸೆ ಬಂದಾಗ ಅರ್ಧ ಗಂಟೆ ತಳ್ಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಆಸೆಯನ್ನು ಅಲೆಗೆ ಹೋಲಿಸಿದರು: ಉಕ್ಕುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಸಿಯಾಟಲ್‌ನ ಜೈಲೊಂದರಲ್ಲಿ, ಹೀಗೆ ಬಂದದ್ದನ್ನು ನೋಡುವುದನ್ನೇ ಕಲಿಸುವ ವಿಪಶ್ಯನ ಧ್ಯಾನದ ಶಿಬಿರ ಮುಗಿಸಿದ ಕೈದಿಗಳು ಬಿಡುಗಡೆಯಾದ ಮೇಲೆ, ಶಿಬಿರಕ್ಕೆ ಸೇರದವರಿಗಿಂತ ಕಡಿಮೆ ಕುಡಿದರೆಂದು ಮಾರ್ಲಾಟ್ ತಂಡ 2006ರಲ್ಲಿ ವರದಿ ಮಾಡಿತು.

4. ಸಿಟ್ಟೂ ಕುಡಿತಕ್ಕೆ ಎಳೆಯುತ್ತದೆ, ಅದಕ್ಕೂ ಇದೇ ಮದ್ದು: ಬಂದಿದೆ ಎಂದು ನೋಡುವುದು. ಬೋರ್ ಬತ್ತಿದ ದಿನ, ದಾಯಾದಿಗಳ ಜಗಳವಾದ ದಿನ ಹುಷಾರು.

5. ದಿನಕ್ಕೆ ಹತ್ತು ನಿಮಿಷ ಉಸಿರು ನೋಡಿ. ಪದ್ಮಾಸನ ಬೇಡ, ಜಗಲಿ ಸಾಕು. ಆಸೆ ಇಲ್ಲದ ಹೊತ್ತಲ್ಲಿ ಕಲಿತಿರದಿದ್ದರೆ ಆಸೆ ಬಂದಾಗ ನೆನಪಾಗುವುದಿಲ್ಲ.

6. ಒಬ್ಬರೇ ಹೆಣಗಬೇಡಿ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಿನಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಬಿಟ್ಟವರು ಆಮೇಲೂ ಸೇರಲೆಂದು ನವಜೀವನ ಸಮಿತಿಗಳಿವೆ. ಶಿಬಿರದ ಭಜನೆಗಿಂತ ಈ ಸಮಿತಿಯೇ ದೊಡ್ಡದೆಂದು ನನ್ನ ಎಣಿಕೆ. ಕೆಲವು ತಿಂಗಳು ಗಟ್ಟಿಯಾಗಿ ನಿಂತ ಮೇಲೆ ಬೆಂಗಳೂರಿನ ಹತ್ತಿರದ ಧಮ್ಮ ಪಫುಲ್ಲ ಕೇಂದ್ರದ ಹತ್ತು ದಿನದ ವಿಪಶ್ಯನಕ್ಕೆ ಅರ್ಜಿ ಹಾಕಬಹುದು. ಊಟ, ವಸತಿಗೆ ಶುಲ್ಕವಿಲ್ಲ, ಮಾತೂ ಇಲ್ಲ. ಅರ್ಜಿಯಲ್ಲಿ ಕುಡಿತದ ವಿಷಯ ಮುಚ್ಚಿಡಬೇಡಿ, ನುಂಗುತ್ತಿರುವ ಮಾತ್ರೆಯ ಹೆಸರನ್ನೂ ಬರೆಯಿರಿ.