ದೋಸ್ತನ ಜತೆ ಚಿಗರಿ ನೋಡಲು ಹೋಗುವುದು ಹೇಗೆ?

ಚಿಗರಿ ನೋಡುವುದೂ ಒಂದು ಬೇಟೆಯೇ, ಆದರೆ ಬೇಟೆ ಅಂದಕೂಡಲೆ ಬಂದೂಕು ನೆನಪಾದರೆ ಅದನ್ನು ಅಲ್ಲಿಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಪಟ್ಟಿಯ ಪ್ರಾಣಿ. ಕೊಂದವರಿಗೆ 3ರಿಂದ 7 ವರ್ಷ ಜೈಲು. ಸುಳಿವು ಹಿಡಿಯುವುದು, ಗಾಳಿ ನೋಡುವುದು, ಹೊಂಚಿ ಕೂರುವುದು ಬೇಟೆಯ ನಿಜವಾದ ಮಜಾ; ಅನುಮತಿ ಪಡೆದು ಹೋದರೆ ಅದಕ್ಕೆ ಕಾಯ್ದೆಯ ಅಡ್ಡಿಯಿಲ್ಲ. ಭಯಪಡಬೇಡಿ, ಮೊದಲ ಸಲವೇ ಕಲಿಯಬಹುದು.

1. ಕಾಲ ಆರಿಸಿ. ತೊಗರಿ ರಾಶಿ ಮುಗಿದ ಮೇಲೆ ಹೊಲ ಬಯಲಾಗುತ್ತದೆ, ದೂರದವರೆಗೆ ಕಾಣುತ್ತದೆ.

2. ಹಿಂದಿನ ಸಂಜೆಯೇ, ಚಿಗರಿ ಸಿಗುವ ಚಿಂಚೋಳಿ ಸೇರಿ. ಶಹಾಬಾದಿನವರು ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿಯಿರಿ. ಮುಂದೆ ಬಸ್ಸೇ ಗತಿ, ಚಿಂಚೋಳಿಗೆ ರೈಲಿಲ್ಲ.

3. ಅನುಮತಿ ಕೇಳಿ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು, ಹೊಲಕ್ಕೆ ಇಳಿಯುವುದಾದರೆ ಹೊಲದವರನ್ನು. ಚಿಗರಿ ಬೆಳೆ ಮೇಯುವುದರಿಂದ ರೈತರಿಗೆ ಸಿಟ್ಟಿರುತ್ತದೆ. ವಾದಿಸಬೇಡಿ, ಕೇಳಿಸಿಕೊಳ್ಳಿ, ಚಿಗರಿ ಎಲ್ಲಿದೆ ಅನ್ನುವುದು ಅವರಷ್ಟು ಬೇರೆಯವರಿಗೆ ಗೊತ್ತಿಲ್ಲ.

4. ಬೈನಾಕ್ಯುಲರ್ ಹೊಂದಿಸಿ. 8×42 ಸಾಕು. ದೂರದ ಕಂಬವೊಂದನ್ನು ಗುರಿಮಾಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಬಲಗಣ್ಣಿನ ಬಳಿಯ ಉಂಗುರ ತಿರುಗಿಸಿ. ಆಮೇಲೆ ಆ ಉಂಗುರ ಮುಟ್ಟಬೇಡಿ, ನಡುವಿನ ಚಕ್ರವೊಂದೇ ಸಾಕು. ಹೊಸಬರು ಎಡವುವುದು ಇಲ್ಲೇ: ಇದನ್ನು ಮನೆಯಲ್ಲೇ ಮಾಡಿಕೊಳ್ಳದೆ, ಚಿಗರಿ ಎದುರಿಗೆ ಬಂದಾಗ ತಿರುವುತ್ತ ಕೂರುತ್ತಾರೆ.

5. ನೆಲ ನೋಡಿ. ಎರೆಮಣ್ಣಿನಲ್ಲಿ ಮುಂದೆ ಚೂಪಾದ ಎರಡು ಸೀಳಿನ ಗೊರಸಿನ ಗುರುತು ಸಿಗುತ್ತದೆ. ಕುರಿಯದ್ದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅದೊಂದನ್ನೇ ನಂಬಬೇಡಿ. ಹಿಕ್ಕೆ ಒಂದೇ ಜಾಗದಲ್ಲಿ ಗುಡ್ಡೆಯಾಗಿದೆಯೇ? ಗಂಡು ಚಿಗರಿ ತನ್ನ ಗಡಿ ಗುರುತಿಸುವುದು ಹಾಗೆ.

6. ಗಾಳಿ ಪರೀಕ್ಷಿಸಿ. ಚಿಟಿಕೆ ಒಣಮಣ್ಣು ಬಿಡಿ. ಅದು ನಿಮ್ಮ ಕಡೆಗೇ ಹಾರಿದರೆ ಸರಿ; ಚಿಗರಿ ಕಡೆ ಹಾರಿದರೆ ಸುತ್ತಿ ಬನ್ನಿ.

7. ಬದುವಿನ ಮರೆಯಲ್ಲಿ ಕೂರಿ. ಬಿಳಿ ಅಂಗಿ ಬೇಡ. ಒಬ್ಬರು ಬೈನಾಕ್ಯುಲರ್ ಹಿಡಿಯಿರಿ, ಇನ್ನೊಬ್ಬರು ಬರಿಗಣ್ಣಿನಲ್ಲಿ ಇಡೀ ಬಯಲು ನೋಡಿ, ಆಮೇಲೆ ಅದಲುಬದಲು. ಮಾತು ಬೇಡ, ಖಡಕ್ ರೊಟ್ಟಿ ಕೂಡ ಆಮೇಲೆ, ಮುರಿದರೆ ಸದ್ದಾಗುತ್ತದೆ!

8. ಗುರುತಿಸಿ. ಮೈಮೇಲೆ ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು ಇದ್ದರೆ ಗಂಡು. ಕಂದುಬಣ್ಣ, ಕೊಂಬಿಲ್ಲದ್ದು ಹೆಣ್ಣು. ಕುರುಚಲು ಕಾಡಿನ ಗಂಡು ಕೊಂಡುಕುರಿಗೆ ನಾಲ್ಕು ಕೊಂಬು, ಆದರೆ ಅದು ಹೊಸಬರಿಗೆ ಸುಲಭಕ್ಕೆ ಸಿಗುವುದಿಲ್ಲ.

9. ಹಿಂಡು ತಲೆಯೆತ್ತಿ ನಿಮ್ಮನ್ನೇ ನೋಡಿದರೆ ಅಲ್ಲೇ ನಿಲ್ಲಿ. ಬೈಕಿನಲ್ಲಿ ಅಟ್ಟಬೇಡಿ. ಹುಲ್ಲಿನಲ್ಲಿ ಮರಿಯೊಂದೇ ಮಲಗಿದ್ದರೆ ಅನಾಥ ಅಂತ ಎತ್ತಿಕೊಳ್ಳಬೇಡಿ. ಬಚ್ಚಿಟ್ಟದ್ದು ತಾಯಿಯೇ.

10. ಫೋಟೊವನ್ನು ವಾಟ್ಸಾಪ್‌ಗೆ ಹಾಕುವಾಗ ಹೊಲದ ಹೆಸರು, ಲೊಕೇಶನ್ ಬರೆಯಬೇಡಿ. ತಂತಿ ಉರುಲು ಕಂಡರೆ ಗುರುತಿಟ್ಟುಕೊಂಡು ಅವತ್ತೇ ಅರಣ್ಯ ಕಚೇರಿಗೆ ತಿಳಿಸಿ.